ಅಗ್ಗದ ದೀಪದ ವೈರಿನೊಳಗೆ ಏನಿದೆ?



ಕ್ರಿಸ್ಮಸ್ ಹತ್ತಿರ ಬಂತೆಂದರೆ ಗೋದಲಿಗೂ ನಕ್ಷತ್ರಕ್ಕೂ ಸೀರಿಯಲ್ ಲೈಟ್ ಬೇಕೇ ಬೇಕು. ಯೆಣೆಗೂರ, ಉಮರ್ಗಾ ಕಡೆಯ ಎಷ್ಟೋ ಮನೆಗಳಿಗೆ ಬರುವುದು ಕಂಪನಿಯ ಹೆಸರೂ ಇಲ್ಲದ, ಬಿಲ್ಲೂ ಇಲ್ಲದ ಮಾಲು. ಲೈಟ್ ಹತ್ತುತ್ತದೋ ಇಲ್ಲವೋ ಎಂದಷ್ಟೇ ನೋಡಿ ಕೊಳ್ಳುತ್ತೇವೆ. ಅದನ್ನು ಕಟ್ಟುವವರು, ಬಿಡಿಸುವವರು ಹೆಚ್ಚಾಗಿ ನಮ್ಮ ಮಕ್ಕಳೇ.

ವೈರಿನ ಪಿವಿಸಿ ಬಿಸಿಗೆ ಕೆಡಬಾರದೆಂದು ಸೀಸದ ಸಂಯುಕ್ತ ಬೆರೆಸುವುದು ಹಳೆಯ ರೂಢಿ. ಪ್ಲಾಸ್ಟಿಕ್ ಬೇಗ ಬೆಂಕಿ ಹಿಡಿಯಬಾರದೆಂದು ಬ್ರೋಮಿನ್ ಇರುವ ಪಿಬಿಬಿ, ಪಿಬಿಡಿಇ ಎಂಬ ಕೃತಕ ರಾಸಾಯನಿಕಗಳನ್ನು ಹಾಕುತ್ತಿದ್ದರು. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಯುರೋಪಿನಲ್ಲಿ 2006ರ ಜುಲೈ 1ರಿಂದ, ನಮ್ಮ ದೇಶದಲ್ಲಿ 2014ರ ಮೇ 1ರಿಂದ ಇವುಗಳಿಗೆ ಮಿತಿ ಇದೆ. ಸೀಸ, ಪಾದರಸ, ಆರು ವೇಲೆನ್ಸಿಯ ಕ್ರೋಮಿಯಂ, ಪಿಬಿಬಿ, ಪಿಬಿಡಿಇ ತಲಾ ಶೇ. 0.1; ಕ್ಯಾಡ್ಮಿಯಂ ಶೇ. 0.01. ಇದು ಇಡೀ ಉಪಕರಣದ ಸರಾಸರಿಯಲ್ಲ. ವೈರಿನ ಹೊದಿಕೆ, ಬೆಸುಗೆ, ಪ್ಲಾಸ್ಟಿಕ್ ಕವಚ, ಹೀಗೆ ಒಂದೊಂದು ವಸ್ತುವೂ ಬೇರೆಬೇರೆಯಾಗಿ ಪಾಸಾಗಬೇಕು.

ಪರೀಕ್ಷೆ ಹೇಗೆ? ಮೊದಲು ವಸ್ತುವಿನ ಮೇಲೆ ಎಕ್ಸ್-ರೇ ಬಿಡುತ್ತಾರೆ. ಒಂದೊಂದು ಧಾತುವೂ ತನ್ನದೇ ಶಕ್ತಿಯ ಕಿರಣ ಮರಳಿಸುವುದರಿಂದ ಸೀಸ ಎಷ್ಟಿದೆ ಎಂದು ಕೆಲವೇ ನಿಮಿಷಗಳಲ್ಲಿ ಅಂದಾಜು ಸಿಗುತ್ತದೆ. ಆದರೆ ಬ್ರೋಮಿನ್ ಇದೆ ಎಂದು ಹೇಳುವ ಈ ಯಂತ್ರ, ಅದು ನಿಷಿದ್ಧ ಪಿಬಿಡಿಇಯೋ ಬೇರೆ ಸಂಯುಕ್ತವೋ ಹೇಳಲಾರದು. ಅದಕ್ಕೆ ಪ್ರಯೋಗಾಲಯದಲ್ಲಿ ದ್ರಾವಕದಿಂದ ಹೊರತೆಗೆದು, ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಬೇರ್ಪಡಿಸಿ ನೋಡಬೇಕು.

ಮನೆಯಲ್ಲಿ ಯಾರೂ ಇದನ್ನು ಮಾಡಲಾಗದು. ಆದ್ದರಿಂದ "ನೋಡಿ ಕೊಳ್ಳಿ" ಎಂದು ಬಡವರಿಗೆ ಬುದ್ಧಿ ಹೇಳಿದರೆ ಸಾಲದು. ಪರೀಕ್ಷೆ ಮಾರುವವರ ಮತ್ತು ಸರ್ಕಾರದ ಹೊಣೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮ 106 ಬಗೆಯ ಉಪಕರಣಗಳನ್ನು ಒಳಗೊಂಡಿದೆ. ಆದರೆ ಸೂಕ್ಷ್ಮ ಉದ್ದಿಮೆಗಳಿಗೆ ವಿನಾಯಿತಿ ಕೊಟ್ಟಿದೆ. ಸಣ್ಣ ಉದ್ದಿಮೆ ಬದುಕಬೇಕು, ನಿಜ. ಹಾಗೆಂದು ವಿಷಕ್ಕೆ ವಿನಾಯಿತಿ ಬೇಡ. ತಯಾರಕರಿಗೆ ಪರೀಕ್ಷೆಯ ಖರ್ಚು ಭಾರವಾದರೆ ಸರ್ಕಾರವೇ ಭರಿಸಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾದರಿ ಎತ್ತುವಾಗ ದೊಡ್ಡ ಶೋರೂಮಿನ ಜೊತೆಗೆ ನಮ್ಮಂಥ ಊರಿನ ಸಂತೆಗೂ ಬರಲಿ. ಫಲಿತಾಂಶ ಕನ್ನಡದಲ್ಲೂ ಮರಾಠಿಯಲ್ಲೂ ಜನರಿಗೆ ಸಿಗಲಿ.

ನಾವು ಮಾಡಬಹುದಾದದ್ದೂ ಇದೆ. ತಯಾರಕರ ಹೆಸರಿರುವ ಮಾಲು ಕೇಳೋಣ, ಬಿಲ್ ಪಡೆಯೋಣ. ಲೈಟ್ ಕಟ್ಟಿದ ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯಲಿ. ತಾಮ್ರದ ಆಸೆಗೆ ವೈರು ಸುಡುವುದನ್ನು ನಿಲ್ಲಿಸೋಣ; ಹೊಗೆಯಲ್ಲಿ ಡೈಯಾಕ್ಸಿನ್ ಹೋಗುತ್ತದೆ, ಬೂದಿಯಲ್ಲಿ ಸೀಸ ಉಳಿಯುತ್ತದೆ. ಹಬ್ಬ ಮುಗಿದ ಮೇಲೆ ಕೆಟ್ಟ ಲೈಟು, ಚಾರ್ಜರ್‌ಗಳನ್ನು ಯುವಜನರು ಒಂದೆಡೆ ಕೂಡಿಸಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸೋಣ. ಜಿಲ್ಲಾಧಿಕಾರಿಗೆ ಸಂತೆಯ ಮಾಲಿನ ಪರೀಕ್ಷೆ ಕೋರಿ ಒಂದು ಮನವಿ ಬರೆಯೋಣ. ಮುಂದಿನ ಯುವಕೂಟಕ್ಕೆ ಬರುವಾಗ ಸಹಿ ಹಾಕಲು ಮನೆಯ ಹಿರಿಯರನ್ನೂ ಕರೆತನ್ನಿ.