ಕಾಂಕಾಲಿನ ಹೆಂಗಸರು

ದುಡಿಯುವವರನ್ನು ಚಿತ್ರಿಸುವವನು ಅವರ ಬೆನ್ನು ಬಾಗಿಸಿಯೇ ತೋರಿಸಬೇಕೆ? ಅಮೆರಿಕನ್ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟನ 'ಮೀನುಗಾರಿಕೆಗೆ ಹೊರಟವರು' ಎಂಬ ತೈಲಚಿತ್ರದಲ್ಲಿ ಚೆಲುವು ಹೆಚ್ಚು, ಬವಣೆ ಕಡಿಮೆ ಎನ್ನುವ ಮಿತ್ರರಿದ್ದಾರೆ. ನಾನಿದನ್ನು ಒಪ್ಪಲಾರೆ.

1877ರ ಬೇಸಗೆಯಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಸಾರ್ಜೆಂಟ್ ಫ್ರಾನ್ಸಿನ ಬ್ರಿಟನಿ ತೀರದ ಕಾಂಕಾಲಿಗೆ ಹೋಗಿದ್ದ. ಅಲ್ಲಿ ಬರೆದುಕೊಂಡ ಕರಡುಗಳಿಂದ ಸಿದ್ಧವಾದ ಈ ಚಿತ್ರ 1878ರಲ್ಲಿ ಪ್ಯಾರಿಸಿನ ವಾರ್ಷಿಕ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಕಾಂಕಾಲಿನಲ್ಲಿ ಕಡಲಿನ ಉಬ್ಬರವಿಳಿತ ವಿಪರೀತ. ನೀರು ಹಿಂದೆ ಸರಿದಷ್ಟು ಹೊತ್ತಿನೊಳಗೆ ತಿನ್ನುವ ಸಿಂಪಿಗಳನ್ನು ಆಯ್ದು ಮರಳಬೇಕು. ಚಿತ್ರದಲ್ಲಿ ಹೆಂಗಸರು ಮಕ್ಕಳೊಡನೆ, ಬುಟ್ಟಿ ಹಿಡಿದು, ಹಸಿ ಮರಳಿನ ಮೇಲೆ ನೆಟ್ಟಗೆ ನಡೆದು ಬರುತ್ತಿದ್ದಾರೆ. ನೀರು ನಿಂತ ಕುಳಿಗಳಲ್ಲಿ ಆಕಾಶ ಹೊಳೆಯುತ್ತದೆ, ನಿಜ. ಆದರೆ ದುಡಿಮೆಯಿನ್ನೂ ಮುಂದಿದೆ.

ಫ್ರಾನ್ಸಿನವನೇ ಆದ ಮಿಲೆಯ 'ಹಕ್ಕಲಾಯುವವರು' (1857) ಚಿತ್ರದ ಬಾಗಿದ ಬೆನ್ನುಗಳನ್ನು ಕಂಡು ನಾವು ಮರುಗುತ್ತೇವೆ. ಅದು ದೊಡ್ಡ ಕೃತಿಯೇ. ಆದರೆ ಮರುಕದಲ್ಲಿ ಮುಖ ಮರೆತುಹೋಗುತ್ತದೆ. (ನಮ್ಮ ಕಾಲೇಜಿನ ಕತೆಗಳಲ್ಲಿಯೂ ಕೂಲಿ ಹೆಂಗಸು ಬಂದೊಡನೆ ಕಣ್ಣೀರು ಬರುತ್ತದೆ, ಅವಳ ಕಸುಬೇನೆಂಬುದು ಬರುವುದಿಲ್ಲ!) ಸಾರ್ಜೆಂಟನ ಹೆಂಗಸರು ನಮ್ಮ ಮರುಕವನ್ನು ಕೇಳುವುದಿಲ್ಲ. ಅವರು ಕೆಲಸ ಬಲ್ಲವರು, ಕಡಲಿನ ಹೊತ್ತು ತಿಳಿದವರು.

ಸಿಂಪಿ ಆಯುವ ಗಳಿಗೆಯನ್ನೇ ಅವನು ಇಲ್ಲಿ ಬರೆಯದಿದ್ದುದು ಮಾತ್ರ ನನಗೂ ಕೊರತೆಯಾಗಿಯೇ ತೋರುತ್ತದೆ.