ಸೆನ್ಸರ್ ಹೇಳದ್ದನ್ನು ಹಳ್ಳದ ಹುಳ ಹೇಳುತ್ತೆ

ಯಾವ ಪ್ರಾಜೆಕ್ಟ್ ಎಕ್ಸ್‌ಪೋಗೆ ಹೋದರೂ ನೀರಿನ ಗುಣಮಟ್ಟ ಅಳೆಯೋ ಮಾಡೆಲ್ ಒಂದಾದರೂ ಇದ್ದೇ ಇರುತ್ತೆ. ಒಂದು ಬೋರ್ಡ್, ಪಿಎಚ್, ಟಿಡಿಎಸ್, ಟರ್ಬಿಡಿಟಿ ಸೆನ್ಸರ್‌ಗಳು, ಮೊಬೈಲಿನಲ್ಲಿ ಡ್ಯಾಶ್‌ಬೋರ್ಡ್. ನಾವೂ ಇಂಥದ್ದನ್ನೇ ಮಾಡುವವರು, ಅದಕ್ಕೇ ಹೇಳ್ತಿದ್ದೇವೆ: ಸೆನ್ಸರ್ ಕೊಡೋದು ಅದು ನೀರಲ್ಲಿ ಮುಳುಗಿರುವ ಹೊತ್ತಿನ ಸುದ್ದಿ ಮಾತ್ರ. ಹೋದ ವಾರ ಆ ನೀರಿಗೆ ಏನಾಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ತಳದಲ್ಲಿ ಬದುಕೋ ಹುಳಕ್ಕೆ ಗೊತ್ತು.

ಇದಕ್ಕೆ ಒಳ್ಳೆ ಉದಾಹರಣೆ ಉತ್ತರ ಧ್ರುವದ ಹತ್ತಿರ ಇದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಲ್ಲಿ ಶುರುವಾಯ್ತು. 2014ರಲ್ಲಿ ಅಲ್ಲಿನ ಸಮುದ್ರದ ಚಾಚಿನೊಳಗೆ ನಮ್ಮವರು ಇಂಡಾರ್ಕ್ ಅನ್ನೋ ಸೆನ್ಸರ್ ಸರಣಿಯನ್ನೇ ಇಳಿಸಿದರು. ಅದು ನೀರಿನ ಉಷ್ಣತೆ, ಉಪ್ಪಿನಂಶ ಎಲ್ಲ ಅಳೆಯುತ್ತೆ. ಇಷ್ಟಿದ್ದರೂ ಆ ಚಾಚಿನಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ತಳದ ಕೆಸರೆತ್ತಿ, ಜರಡಿ ಹಿಡಿದು, ಮಿಲಿಮೀಟರಿಗಿಂತ ಚಿಕ್ಕ ಹುಳಗಳನ್ನೂ ಮೈಕ್ರೋಸ್ಕೋಪಿನಲ್ಲಿ ಎಣಿಸ್ತಾರೆ. ಮೀನು ಬೇಡವಾದ ಜಾಗ ಬಿಟ್ಟು ಈಜಿ ಹೋಗುತ್ತೆ, ಕೆಸರಿನ ಹುಳ ಎಲ್ಲಿಗೆ ಹೋದೀತು? ಹಿಮನದಿ ಕರಗಿ ಮಣ್ಣು ಸುರಿಯೋ ಕಡೆ ಕೆಲವೇ ಜಾತಿಗಳು ತಾಳಿಕೊಳ್ಳುತ್ತವೆ, ದೂರ ಹೋದ ಹಾಗೆ ಜಾತಿಗಳು ಹೆಚ್ಚುತ್ತವೆ. ಯಾವುದು ಇದೆ, ಯಾವುದು ಇಲ್ಲ ಅನ್ನೋದೇ ಅಲ್ಲಿ ರೀಡಿಂಗ್.

ಇದೇ ವಿದ್ಯೆ ನಮ್ಮ ಯಲ್ಲಾಪುರದ ಹಳ್ಳಗಳಿಗೂ ಸಲ್ಲುತ್ತೆ. ಧಾರವಾಡದ ಕಡೆಯಿಂದ ಬರೋ ಬೇಡ್ತಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಮುಂದೆ ಗಂಗಾವಳಿಯಾಗಿ ಸಮುದ್ರ ಸೇರುತ್ತೆ. ಕಾಡಿನ, ತೋಟದ ಎಷ್ಟೋ ಹಳ್ಳಗಳು ಅದಕ್ಕೆ ಸೇರ್ತವೆ. ಹಳ್ಳದ ಕಲ್ಲು ಮಗುಚಿದಾಗ ಸ್ಟೋನ್‌ಫ್ಲೈ, ಮೇಫ್ಲೈ ಮರಿಗಳು ಸಿಕ್ಕರೆ ಅಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ ಅಂತ ಅರ್ಥ. ಬರೀ ಕೆಂಪು ಹುಳಗಳೇ ತುಂಬಿದ್ದರೆ ನೀರು ಕೊಳೆತಿದೆ ಅಂತ ಅನುಮಾನ ಪಡಬೇಕು. ಹಿಮೋಗ್ಲೋಬಿನ್ ಇರೋದರಿಂದ ಅವು ಕಡಿಮೆ ಆಮ್ಲಜನಕದಲ್ಲೂ ಬದುಕ್ತವೆ. ಬ್ರಿಟನ್ನಿನಲ್ಲಿ ಹುಟ್ಟಿದ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ. ಸೂಕ್ಷ್ಮ ಜೀವಕ್ಕೆ 10, ಎರೆಹುಳದ ನೆಂಟರಿಗೆ 1. ಒಟ್ಟು ಅಂಕವನ್ನು ಸಿಕ್ಕ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಹಳ್ಳದ ಎಸ್‌ಜಿಪಿಎ ಬಂತು! ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಈ ಪದ್ಧತಿಯನ್ನು ಇಲ್ಲಿಗೆ ಹೊಂದಿಸಿಕೊಂಡಿದೆ.

ಸೆನ್ಸರ್ ಎಲ್ಲಿ ಸೋಲುತ್ತೆ ಅಂತ ನೋಡೋಕೆ ಅಡಿಕೆ ತೋಟಕ್ಕೇ ಬನ್ನಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಲವಣ. ತಾಮ್ರ ಮಣ್ಣಲ್ಲಿ ಕೂರುತ್ತೆ, ಕೊಚ್ಚಿಹೋದ ಮಣ್ಣಿನ ಜೊತೆ ಹಳ್ಳಕ್ಕೂ ಇಳಿಯುತ್ತೆ. ಹಾಗಂತ ಬೆಳೆಗಾರರನ್ನು ಬೈಯೋದು ಸುಲಭ, ನ್ಯಾಯವಲ್ಲ. ಔಷಧಿ ಹೊಡೆಯದಿದ್ದರೆ ಫಸಲೇ ಉದುರಿ ಹೋಗುತ್ತೆ. ನಮ್ಮ ಮಾತು ಅಳತೆಯ ಬಗ್ಗೆ. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದ ತಾಮ್ರ ನಮ್ಮ ಟಿಡಿಎಸ್ ಸೆನ್ಸರ್‌ಗೆ ಕಾಣೋದೇ ಇಲ್ಲ, ಡ್ಯಾಶ್‌ಬೋರ್ಡ್ ಹಸಿರಾಗೇ ಇರುತ್ತೆ. ಮೇಫ್ಲೈ ಮರಿಗಳಲ್ಲಿ ಕೆಲವಕ್ಕೆ ಅದೇ ವಿಷ. ಅವು ಸುಮ್ಮನೆ ಇಲ್ಲವಾಗುತ್ತವೆ.

ಇದು ಈಗಲೇ ಯಾಕೆ ಮುಖ್ಯ? ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿ ರೈತರು, ವಿಜ್ಞಾನಿಗಳು ಸೇರಿ ಚರ್ಚಿಸಿದ್ದರು. ಈಗ ಬೇಡ್ತಿ–ವರದಾ ಜೋಡಣೆಯ ಮಾತು. ಪರವೋ ವಿರೋಧವೋ, ಹಳ್ಳದಲ್ಲಿ ಇವತ್ತು ಯಾರ್ಯಾರು ಬದುಕಿದ್ದಾರೆ ಅಂತ ಬರೆದಿಡದಿದ್ದರೆ ನಾಳೆ ಏನು ಕಳೆದುಕೊಂಡೆವು ಅಂತ ವಾದ ಮಾಡೋಕೂ ಆಧಾರ ಇರಲ್ಲ. ಬೇಸ್‌ಲೈನ್ ಇಲ್ಲದ ಪ್ರಯೋಗಕ್ಕೆ ಲ್ಯಾಬಿನಲ್ಲೂ ಅಂಕ ಕೊಡಲ್ಲ, ಅಲ್ವಾ?

ಹುಳ ಗುರುತಿಸೋದು ನಮ್ಮ ಸಿಲಬಸ್ ಅಲ್ಲ ಅನ್ನಬಹುದು. ಆದರೆ ಕುಟುಂಬದ ಮಟ್ಟಕ್ಕೆ ಗುರುತಿಸಿದರೆ ಸಾಕು. ಅದಕ್ಕೊಂದು ಬಲೆ, ಬಿಳಿ ಟ್ರೇ, ಭೂತಗನ್ನಡಿ, ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರದ ಗೆಳೆಯರು ಬೇಕು. ಫೋಟೋದಿಂದ ಗುರುತಿಸೋ ಮಾಡೆಲ್ ಕಟ್ಟೋದು ನಮ್ಮ ಕೆಲಸ. ಸೆನ್ಸರ್ ಬಿಸಾಡಿ ಅಂತ ನಾವು ಹೇಳ್ತಿಲ್ಲ. ಮುಂದಿನ ಪ್ರಾಜೆಕ್ಟಿನ ಡ್ಯಾಶ್‌ಬೋರ್ಡಿನಲ್ಲಿ ಪಿಎಚ್ ಪಕ್ಕ ಇನ್ನೊಂದು ಕಾಲಂ ಇರಲಿ: ತಳದಲ್ಲಿ ಏನೇನು ಸಿಕ್ತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಹಳ್ಳದ ನೀರು ತಿಳಿಯಾದ ಮೇಲೆ ಇನ್ನೊಮ್ಮೆ ತುಂಬಿದರೂ ಆರಂಭಕ್ಕೆ ಸಾಕು.