ದಾನ್‌ಗೆ 40 ನಿಮಿಷ ಸಾಕೇ?



ಪವಿತ್ರ ನಾಡಿನ ಮುಂದಿನ ಯಾತ್ರೆಗೆ ಪಟ್ಟಿ ತಯಾರಾಗುತ್ತಿದೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅದನ್ನು ಓದಿ ಹೇಳಿದರು. ಬೆತ್ಲೆಹೇಮ್ ಇದೆ, ನಜರೇತ್ ಇದೆ, ಆಲಿವ್ ಮರದ ಸಾಮಾನಿನ ಅಂಗಡಿಗೆ ಎರಡು ಗಂಟೆ ಇದೆ. ದಾನ್ ಇಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು, "ಅಲ್ಲೇನಪ್ಪಾ ಇದೆ? ಕಾಡು, ಕಲ್ಲು, ಹೊಳೆ. ಅದನ್ನ ನೋಡೋಕೆ ನಮ್ಮ ಕುಂಬಕ್ಕರೈ ಸಾಲದಾ?" ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಯೋಚಿಸಿದರೆ ನಗು ಬರಲಿಲ್ಲ.

ನಮ್ಮಲ್ಲಿ ಕೆಲವರು 2019ರಲ್ಲಿ ದಾನ್ ನೋಡಿದವರು. ನೋಡಿದೆವು ಅನ್ನುವುದೂ ದೊಡ್ಡ ಮಾತೇ. ಬಸ್ಸು ನಿಲ್ಲಿಸಿ 40 ನಿಮಿಷ ಕೊಟ್ಟರು. ಅದರಲ್ಲಿ ಹತ್ತು ನಿಮಿಷ ಶೌಚಾಲಯದ ಸಾಲಿನಲ್ಲಿ ಹೋಯಿತು.

ದಾನ್ ಇರುವುದು ಇಸ್ರಯೇಲ್ ದೇಶದ ಬಡಗಣ ತುದಿಯಲ್ಲಿ, ಹೆರ್ಮೋನ್ ಬೆಟ್ಟದ ಬುಡದಲ್ಲಿ. 'ದಾನ್‌ನಿಂದ ಬೇರ್ಷೆಬದವರೆಗೆ' ಎಂದು ಬೈಬಲ್‌ನಲ್ಲಿ ಮತ್ತೆ ಮತ್ತೆ ಬರುತ್ತದಲ್ಲ, ಅದೇ ದಾನ್. ಪೇತ್ರನು ಪ್ರಭುವನ್ನು ಕ್ರಿಸ್ತನೆಂದು ಸಾರಿದ ಫಿಲಿಪ್ಪನ ಸೆಸರೇಯ ಅಲ್ಲಿಂದ ಕೆಲವೇ ಕಿಲೋಮೀಟರ್. ಅಲ್ಲಿಗೆ ಎಲ್ಲ ಬಸ್ಸುಗಳೂ ಹೋಗುತ್ತವೆ. ಪಕ್ಕದ ದಾನ್‌ಗೆ ತಿರುಗುವುದಿಲ್ಲ, ಯಾಕೆಂದರೆ ಅಲ್ಲಿ ಯೇಸುಸ್ವಾಮಿ ಬಂದ ಕಥೆ ಇಲ್ಲ, ಹರಕೆಯ ಮೇಣದಬತ್ತಿ ಹಚ್ಚಲು ಗುಡಿಯೂ ಇಲ್ಲ.

ಇರುವುದೇನು? ಒಂದು ದಿಬ್ಬ. 1966ರಿಂದ ಅವ್ರಹಾಂ ಬಿರಾನ್ ಎಂಬ ವಿದ್ವಾಂಸರು ದಶಕಗಳ ಕಾಲ ಅಗೆಸಿದ ದಿಬ್ಬ. ಹಸಿ ಇಟ್ಟಿಗೆಯ ಒಂದು ಹೆಬ್ಬಾಗಿಲು ಕಮಾನಿನ ಸಮೇತ ನಿಂತಿದೆ. ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದ್ದು ಅನ್ನುತ್ತಾರೆ. ಲೋಟನನ್ನು ಬಿಡಿಸಲು ಅಬ್ರಹಾಮನು ದಾನ್‌ವರೆಗೂ ಬೆನ್ನಟ್ಟಿ ಹೋದನೆಂದು ಆದಿಕಾಂಡದಲ್ಲಿ ಇರುವುದರಿಂದ ಅದಕ್ಕೆ ಅಬ್ರಹಾಮನ ಬಾಗಿಲು ಎಂದೇ ಹೆಸರು ಬಿದ್ದಿದೆ. 1993ರಲ್ಲಿ ಅಲ್ಲೇ ಒಂದು ಗೋಡೆಯಲ್ಲಿ ಅರಮಾಯಿಕ್ ಅಕ್ಷರದ ಕಪ್ಪು ಕಲ್ಲಿನ ತುಂಡು ಸಿಕ್ಕಿತು, ಮರುವರ್ಷ ಇನ್ನೆರಡು. ಅದರಲ್ಲಿ 'ದಾವೀದನ ಮನೆತನ' ಎಂಬ ಮಾತಿದೆ. ಬೈಬಲ್‌ನ ಹೊರಗೆ ದಾವೀದನ ಹೆಸರು ಅಷ್ಟು ಹಿಂದಿನ ಕಲ್ಲಿನಲ್ಲಿ ಸಿಕ್ಕಿದ್ದು ಅದೇ ಮೊದಲು. ಈಗ ಅದು ಜೆರುಸಲೇಮಿನ ಇಸ್ರಯೇಲ್ ಮ್ಯೂಸಿಯಂನಲ್ಲಿದೆ.

"ನೋಡಿದ್ರಾ, ಬೈಬಲ್ ನಿಜ ಅಂತ ಕಲ್ಲೇ ಹೇಳ್ತು" ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಫೋಟೋ ಇದೇ ಕಲ್ಲಿನದು. ಇಲ್ಲಿ ನಮಗೆ ತಕರಾರಿದೆ. ಆ ಕಲ್ಲು ಬರೆಸಿದವನು ಅರಾಮಿನ ಅರಸ, ಇಸ್ರಯೇಲಿನ ಶತ್ರು. ಇಸ್ರಯೇಲಿನ ಅರಸನನ್ನೂ ದಾವೀದನ ಮನೆತನದವನನ್ನೂ ತಾನೇ ಕೊಂದೆ ಎಂದು ಜಂಬ ಕೊಚ್ಚಿಕೊಂಡಿದ್ದಾನೆ. ವಿದ್ವಾಂಸರು ಮುರಿದ ಅಕ್ಷರಗಳನ್ನು ಕೂಡಿಸಿ ಓದಿದ ಪ್ರಕಾರ ಸತ್ತವರು ಯೋರಾಮ ಮತ್ತು ಅಹಜ್ಯ. ಅರಸುಗಳ ಎರಡನೆಯ ಗ್ರಂಥ ತೆಗೆದು ನೋಡಿ, ಅವರನ್ನು ಕೊಂದವನು ಯೇಹು. ಕಲ್ಲು ಹೇಳಿದ್ದೆಲ್ಲ ಸಾಕ್ಷಿಯಾದರೆ ಇದಕ್ಕೇನು ಹೇಳುತ್ತೀರಿ? ನಮ್ಮ ವಿಶ್ವಾಸಕ್ಕೆ ಶತ್ರುವಿನ ಜಂಬದ ರಸೀದಿ ಬೇಕಾಗಿಲ್ಲ. ಆ ಕಲ್ಲು ಅದ್ಭುತವೇ, ಅನುಮಾನವಿಲ್ಲ. ಆದರೆ ಅದನ್ನು ಫೋಟೋ ತೆಗೆದು ವಾದ ಗೆಲ್ಲುವುದಕ್ಕೆ ಬಳಸಿ, ಅದು ಸಿಕ್ಕ ಊರಿನ ಕಥೆಯನ್ನು ಓದದೆ ಬಿಡುತ್ತೇವಲ್ಲ, ಅದು ನಮಗೆ ಸಹಿಸುವುದಿಲ್ಲ.

ಆ ಕಥೆ ನ್ಯಾಯಸ್ಥಾಪಕರು 18ರಲ್ಲಿದೆ. ಪೂಜೆಯಲ್ಲಿ ಯಾರೂ ಓದಿದ್ದು ನಮಗೆ ನೆನಪಿಲ್ಲ. ಊರಿನ ಹಳೆಯ ಹೆಸರು ಲಯಿಷ್. ಅಲ್ಲಿನವರು ತಮ್ಮ ಪಾಡಿಗೆ ನೆಮ್ಮದಿಯಾಗಿದ್ದ ಜನ. ಕಷ್ಟ ಬಂದರೆ ಓಡಿ ಬರುವ ನಂಟರೂ ಹತ್ತಿರದಲ್ಲಿರಲಿಲ್ಲ, ಸಿದೋನ್ ದೂರ. ದಾನ್ ಕುಲದವರು ಒಳ್ಳೆಯ ಜಾಗ ಹುಡುಕುತ್ತಾ ಬಂದು ಅದನ್ನು ಕಂಡರು, 600 ಮಂದಿ ಆಯುಧ ಕಟ್ಟಿ ಬಂದರು, ಜನರನ್ನು ಕತ್ತರಿಸಿ ಊರಿಗೆ ಬೆಂಕಿಯಿಟ್ಟರು, ಆಮೇಲೆ ಊರು ಕಟ್ಟಿ ತಮ್ಮ ಹೆಸರಿಟ್ಟರು. ದಾರಿಯಲ್ಲಿ ಒಬ್ಬನ ಮನೆಯಿಂದ ಕದ್ದ ವಿಗ್ರಹವನ್ನು ಅಲ್ಲೇ ಸ್ಥಾಪಿಸಿದರು. ಬೈಬಲ್ ಇದನ್ನು ಮುಚ್ಚಿಡಲಿಲ್ಲ. ಮುಚ್ಚಿಡುವವರು ನಾವು, 40 ನಿಮಿಷ ಕೊಟ್ಟು.

ಮುಂದೆ ಅರಸ ಯಾರೊಬ್ಬಾಮ ಬಂದ. ಜೆರುಸಲೇಮಿಗೆ ಹೋಗಿ ಬರುವುದು ನಿಮಗೆ ತುಂಬಾ ಶ್ರಮ ಎಂದು ಜನರಿಗೆ ಹೇಳಿ, ಬೇತೇಲಿನಲ್ಲೊಂದು ದಾನ್‌ನಲ್ಲೊಂದು ಚಿನ್ನದ ಕರು ನಿಲ್ಲಿಸಿದ. ಸುಲಭದ ಭಕ್ತಿ, ಹತ್ತಿರದ ದೇವರು. (ಅವನೇ ಮೊದಲ ಟೂರ್ ಏಜೆಂಟ್ ಇರಬೇಕು ಎಂದು ನಮ್ಮ ಗುಂಪಿನ ತುಂಟನೊಬ್ಬ ಅಂದ.) ಪೂಜಾಸ್ಥಳದ ಅಗಲವಾದ ಕಲ್ಲುಕಟ್ಟೆ ಇವತ್ತಿಗೂ ಇದೆ. ಬಲಿಪೀಠ ಎಷ್ಟು ದೊಡ್ಡದಿತ್ತು ಎಂದು ತೋರಿಸಲು ಲೋಹದ ಚೌಕಟ್ಟು ನಿಲ್ಲಿಸಿದ್ದಾರೆ. ಒಳಗೆ ಏನೂ ಇಲ್ಲ, ಬರೀ ಗಾಳಿ. ನಮ್ಮವರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ನಾವೂ ತೆಗೆದುಕೊಂಡೆವು, ಸುಳ್ಳು ಯಾಕೆ ಹೇಳಬೇಕು.

ಇನ್ನು 'ಕಾಡು, ಹೊಳೆ' ಅಂದಿರಲ್ಲ, ಅದಕ್ಕೆ ಬರುತ್ತೇವೆ.

ದಿಬ್ಬದ ಸುತ್ತ ಇರುವುದು ದಾನ್ ನಿಸರ್ಗಧಾಮ. ಜೋರ್ಡನ್ ನದಿಯ ಮೂರು ದೊಡ್ಡ ಮೂಲಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅಲ್ಲೇ ನೆಲದಿಂದ ಉಕ್ಕುತ್ತದೆ. ಹೆರ್ಮೋನ್ ಮೇಲೆ ಬಿದ್ದ ಹಿಮ ಮತ್ತು ಮಳೆ ಸುಣ್ಣಕಲ್ಲಿನೊಳಗೆ ಇಳಿದು ಇಲ್ಲಿ ಹೊರಬರುತ್ತದೆ. ಬೇಸಿಗೆಯಲ್ಲೂ ಕೈಯಿಟ್ಟರೆ ಜುಂ ಅನ್ನುವ ತಂಪು. ಲಾರೆಲ್ ಮರಗಳ ಕೆಳಗೆ ಹಗಲಲ್ಲೂ ಕತ್ತಲು, ಪಕ್ಕದವನ ಮಾತು ಕೇಳದಷ್ಟು ನೀರಿನ ಸದ್ದು. ಸಿಕ್ಕಸಿಕ್ಕಲ್ಲಿ ನೀರಿಗೆ ಇಳಿಯುವ ಹಾಗಿಲ್ಲ, ಕಾಲು ಇಳಿಬಿಡಲು ಬೇರೆ ಜಾಗ ಮಾಡಿದ್ದಾರೆ. ನಮ್ಮ ಗುಂಪಿನವರು ಒಬ್ಬರೂ ತಪ್ಪಲಿಲ್ಲ, ಚಾಕೊಲೇಟ್ ಕಾಗದವನ್ನು ಜೇಬಿಗೆ ಹಾಕಿಕೊಂಡರು.

ಅದೇ ಗುಂಪು ಎರಡು ದಿನ ಬಿಟ್ಟು ಕೆಳಗಡೆ ಜೋರ್ಡನ್ ನೀರನ್ನು ಬಾಟಲಿಯಲ್ಲಿ ಕೊಂಡಿತು. ಮೂಲದ ಹತ್ತಿರ ಅರ್ಧ ದಿನ ನಿಲ್ಲಲು ಸಮಯವಿಲ್ಲ, ಕೆಳಗೆ ಬಾಟಲಿಗೆ ದುಡ್ಡು ಕೊಡಲು ಸಮಯವಿದೆ. ಗಲಿಲೇಯ ಸರೋವರದ ಕೆಳಗೆ ಆ ನದಿಯ ಹೆಚ್ಚಿನ ಪಾಲು ನೀರನ್ನು ಅಕ್ಕಪಕ್ಕದ ದೇಶಗಳು ತಿರುಗಿಸಿಕೊಂಡಿವೆ. ಪ್ರಭು ದೀಕ್ಷಾಸ್ನಾನ ಪಡೆದ ಕಡೆ ಉಳಿದಿರುವುದು ಒಂದು ಕೆಸರುಬಣ್ಣದ ಕಾಲುವೆಯಷ್ಟು. ದಾನ್ ನೋಡಿ ಆಮೇಲೆ ಅದನ್ನು ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ದಾನ್ ನೋಡದವರಿಗೆ ನದಿ ಮೊದಲಿಂದಲೂ ಹಾಗೇ ಇತ್ತು ಅನ್ನಿಸುತ್ತದೆ.

ನಮ್ಮ ಊರಿಗೂ ಇದೇ ಮಾತು. ಪಳನಿ ಬೆಟ್ಟದಿಂದ ತಿಳಿಯಾಗಿ ಇಳಿಯುವ ವರಾಹ ನದಿ ಪೆರಿಯಕುಳಂ ದಾಟುವ ಹೊತ್ತಿಗೆ ಏನಾಗಿರುತ್ತದೆ ಎಂದು ಸೇತುವೆ ಮೇಲೆ ಮೂಗು ಮುಚ್ಚಿಕೊಂಡವರಿಗೆಲ್ಲ ಗೊತ್ತು. ಅದರಲ್ಲಿ ಹರಿಯುವುದು ನಮ್ಮದೇ ಬೀದಿಗಳ ಕೊಳಚೆ. ಕುಂಬಕ್ಕರೈ ಸಾಲದಾ ಎಂದು ಕೇಳಿದಿರಲ್ಲ, ನಮ್ಮ ಧರ್ಮಕೇಂದ್ರದ ಪಿಕ್ನಿಕ್ ಮುಗಿದ ಸಂಜೆ ಅಲ್ಲಿನ ಬಂಡೆಗಳ ಮೇಲೆ ಏನು ಬಿದ್ದಿತ್ತು? ಬಿರಿಯಾನಿ ಪೊಟ್ಟಣ, ಶಾಂಪೂ ಸ್ಯಾಚೆಟ್. ದಾನ್‌ನಲ್ಲಿ ಜೇಬಿಗೆ ಹೋದ ಕಾಗದ ಇಲ್ಲಿ ಯಾಕೆ ನೀರಿಗೆ ಹೋಗುತ್ತದೆ? 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೋ ಸಿ' ಬರೆದಾಗ ನಾವೂ ಸಂಭ್ರಮಿಸಿದೆವು. ಹೇಗೆ? ಫ್ಲೆಕ್ಸ್ ಬ್ಯಾನರ್ ಕಟ್ಟಿ.

ಹಿರಿಯರ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. ಮಂಡಿನೋವಿನವರಿಗೆ ಕಲ್ಲುದಾರಿ ಕಷ್ಟ. ಆದರೆ ಅಲ್ಲಿ ಸಮತಟ್ಟಾದ ಚಿಕ್ಕ ದಾರಿಯೂ ಇದೆ. ಗಡಿಯ ಭಯವೂ ನಿಜ. ದಾನ್‌ನಿಂದ ಲೆಬನಾನ್ ಕಣ್ಣಳತೆಯಲ್ಲಿದೆ. 2023ರ ಅಕ್ಟೋಬರ್ ನಂತರ ಗಡಿಯ ಎರಡೂ ಬದಿಯ ಊರುಗಳವರು ಮನೆ ಬಿಟ್ಟು ಓಡಿದರು. ಲಯಿಷಿನವರ ಕಥೆ ಹಳೆಯದು ಅಂದುಕೊಂಡಿದ್ದೆವು. ಅಲ್ಲಿ ಶಾಂತಿ ಇಲ್ಲದಿದ್ದರೆ ಹೋಗುವುದು ಬೇಡ, ಅದಕ್ಕೆ ನಮ್ಮ ತಕರಾರಿಲ್ಲ. 'ಅಲ್ಲೇನಿದೆ' ಅನ್ನಬೇಡಿ, ಅಷ್ಟೇ.

ದುಡ್ಡಿನ ಮಾತೂ ಇದೆ. ಜೆರುಸಲೇಮ್ ಯಾತ್ರೆಗೆ ತಮಿಳುನಾಡು ಸರ್ಕಾರ ತಲಾ 20,000 ರೂಪಾಯಿ ಕೊಡುತ್ತಿತ್ತು, ಆಮೇಲೆ ಅದನ್ನು 37,000ಕ್ಕೆ, ಸಿಸ್ಟರುಗಳಿಗೆ 60,000ಕ್ಕೆ ಏರಿಸಿತು. ಅದು ಎಲ್ಲ ಧರ್ಮದವರ ತೆರಿಗೆ. ಉಳಿದದ್ದು ಮಾವಿನ ತೋಪಿನ ದುಡ್ಡು, ಅಡವಿಟ್ಟ ಸರದ ದುಡ್ಡು. ಇಷ್ಟು ಖರ್ಚು ಮಾಡಿ ಹೋದವರು ಅಂಗಡಿಯ ಮುಂದೆ ಎರಡು ಗಂಟೆ ನಿಲ್ಲಬೇಕೇ?

ಪಟ್ಟಿ ಬರುವ ಭಾನುವಾರ ಅಂತಿಮವಾಗುತ್ತದಂತೆ. ಆ ಎರಡು ಗಂಟೆಯನ್ನು ತೆಗೆದು 40 ನಿಮಿಷಕ್ಕೆ ಸೇರಿಸಿ ದಾನ್‌ಗೆ ಕೊಡಿ ಎಂದು ಎದ್ದುನಿಂತು ಕೇಳುತ್ತೇವೆ. ನ್ಯಾಯಸ್ಥಾಪಕರು 18ನ್ನು ಆ ಹೆಬ್ಬಾಗಿಲ ಹತ್ತಿರ ಓದಲು ನಮ್ಮಲ್ಲಿ ಇಬ್ಬರು ಒಪ್ಪಿದ್ದಾರೆ. ಕನ್ನಡ ಬೈಬಲ್ ನಾವೇ ತರುತ್ತೇವೆ. ಅದಕ್ಕೂ ಮೊದಲು, ಶನಿವಾರ ಬೆಳಿಗ್ಗೆ ಆರಕ್ಕೆ, ಕುಂಬಕ್ಕರೈಗೆ ಗೋಣಿಚೀಲ ಹಿಡಿದು ಹೊರಟಿದ್ದೇವೆ. ನಗುತ್ತಾ ಉತ್ತರ ಕೊಟ್ಟ ಹಿರಿಯರೂ ಬರಬೇಕು, ಚಹಾ ನಮ್ಮದು.